ದೋಣಿಯೇ ದಾರಿಯಾಗಿದ್ದ ಊರುಗಳು

1988ರವರೆಗೆ ಉಂಡ್ರೆದಾಲ್‌ಗೆ ರಸ್ತೆ ಇರಲಿಲ್ಲ. ಫ್ಯಾರ್ಲಾಂಡ್‌ಗೆ 1986ರವರೆಗೂ ಇರಲಿಲ್ಲ. ಎರಡೂ ನಾರ್ವೆಯ ಪಶ್ಚಿಮ ಕರಾವಳಿಯಿಂದ ಒಳನಾಡಿಗೆ ಚಾಚಿಕೊಂಡಿರುವ ಕಡಲಿನ ತೋಳಾದ ಸೋಗ್ನೆಫಿಯೋರ್ಡ್‌ನ ಕವಲುಗಳಲ್ಲಿರುವ ಪುಟ್ಟ ಊರುಗಳು. ಉತ್ತರ ಸಮುದ್ರದಲ್ಲಿ ತೈಲ ಸಿಕ್ಕಿ ದೇಶ ಸಿರಿವಂತವಾದ ಮೇಲೂ ಇಲ್ಲಿನವರು ಡಾಕ್ಟರ ಹತ್ತಿರ ಹೋಗಲು, ಹಿಟ್ಟು ಉಪ್ಪು ತರಲು, ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸಲು ದೋಣಿಯನ್ನೇ ಹತ್ತಬೇಕಿತ್ತು. ಇವತ್ತು ಅದೇ ಊರುಗಳನ್ನು ನೋಡಲೆಂದು ಜಗತ್ತಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ಮುನ್ನೂರು ಜನರ ಊರಿನಲ್ಲಿ, ನೂರೂ ತುಂಬದ ಊರಿನಲ್ಲಿ ನೋಡುವುದಕ್ಕೆ ಏನಿದೆ?

ಬೆಟ್ಟ, ನೀರು, ಜಲಪಾತ ಎಂದುಬಿಟ್ಟರೆ ಅರ್ಧ ಉತ್ತರ ಕೊಟ್ಟಂತೆ. ಅವು ಫಿಯೋರ್ಡ್‌ನ ಉದ್ದಕ್ಕೂ ಇವೆ, ಜನ ಇಲ್ಲದ ಕಡೆಯೂ ಇವೆ. ಊರೊಳಗೆ ಪ್ರವಾಸಿಗರು ನಿಂತು ನೋಡುವ ವಸ್ತುಗಳ ಬೆನ್ನು ಹಿಡಿದು ಹೋದರೆ ಬೇರೊಂದು ಕತೆ ಸಿಗುತ್ತದೆ. ರೈಲು, ಕೊಟ್ಟಿಗೆ, ಏಣಿ, ಮರದ ಚರ್ಚು, ಚೀಸ್ ಕಾಯಿಸುವ ಹಂಡೆ, ಇವುಗಳಲ್ಲಿ ಯಾವುದನ್ನೂ ಯಾರೂ ಪ್ರವಾಸಿಗಾಗಿ ಮಾಡಿದ್ದಲ್ಲ. ಬದುಕುವುದಕ್ಕೆ, ಊರಿನಿಂದ ಹೊರಗೆ ದಾರಿ ಮಾಡಿಕೊಳ್ಳುವುದಕ್ಕೆ ಮಾಡಿಕೊಂಡದ್ದು. ಮೊದಲಿನ ಕೆಲಸ ಮುಗಿದ ಮೇಲೂ ಅವನ್ನು ಕೆಡವದೆ ಉಳಿಸಿಕೊಂಡದ್ದು ಈ ಊರವರ ದೊಡ್ಡತನ ಎಂದು ನಾನು ತಿಳಿದಿದ್ದೇನೆ.

ಮೊದಲು ನೆಲದ ವಿಚಾರ. ಹಿಮಯುಗಗಳಲ್ಲಿ ಸ್ಕ್ಯಾಂಡಿನೇವಿಯಾವನ್ನು ಮುಚ್ಚಿದ್ದ ದಪ್ಪ ಹಿಮರಾಶಿ ಸಮುದ್ರದ ಕಡೆಗೆ ಜಾರುತ್ತಾ, ಹಳೆಯ ನದಿ ಕಣಿವೆಗಳ ತಳ ಮತ್ತು ಬದಿಗಳನ್ನು ಉಜ್ಜಿ ಉಜ್ಜಿ ಆಳ ಮಾಡಿತು. ಮಂಜು ಕರಗಿದ ಮೇಲೆ ಆ ಕಣಿವೆಗಳಿಗೆ ಕಡಲು ನುಗ್ಗಿತು. ಅವೇ ಫಿಯೋರ್ಡ್‌ಗಳು. ಸೋಗ್ನೆಫಿಯೋರ್ಡ್ ಹೀಗೆ 200 ಕಿಲೋಮೀಟರಿಗೂ ಹೆಚ್ಚು ಒಳಕ್ಕೆ ಬಂದಿದೆ. ಅತಿ ಆಳದ ಕಡೆ 1,300 ಮೀಟರ್ ನೀರಿದೆ. ವಿಚಿತ್ರವೆಂದರೆ ಆಳ ಇರುವುದು ಒಳಗಡೆ. ಕಡಲು ಸೇರುವ ಬಾಯಿಯಲ್ಲಿ ಹಿಮನದಿ ಅಗಲಕ್ಕೆ ಹರಡಿ ಬಲ ಕಳೆದುಕೊಂಡಿದ್ದರಿಂದ ಅಲ್ಲಿ ತಳ ಎತ್ತರವಾಗಿಯೇ ಉಳಿಯಿತು. ಇಕ್ಕೆಲದ ಬಂಡೆಗಳು ನೀರಿನಿಂದ ನೆಟ್ಟಗೆ ಎದ್ದಿರುವುದರಿಂದ ದಡದಲ್ಲಿ ಕಾಲಿಡುವಷ್ಟೂ ಮಟ್ಟಸ ಜಾಗವಿಲ್ಲ. ಬೆಟ್ಟದ ಹೊಳೆಗಳು ಮರಳು ಜಲ್ಲಿ ತಂದು ಸುರಿದ ಕಡೆ ಮಾತ್ರ ಒಂದಿಷ್ಟು ನೆಲ ಸಿಗುತ್ತದೆ. ಊರುಗಳು ಹುಟ್ಟಿದ್ದು ಆ ತುಂಡು ನೆಲಗಳ ಮೇಲೆ. ಉಳುವ ಭೂಮಿ ಅಷ್ಟೇ ಇದ್ದುದರಿಂದ ಊರು ಬೆಳೆಯಲಿಲ್ಲ. 19ನೇ ಶತಮಾನದಲ್ಲಿ ಇಂಥ ಕಣಿವೆಗಳಿಂದ ಸಾವಿರಾರು ಕುಟುಂಬಗಳು ಅಮೆರಿಕಕ್ಕೆ ಹಡಗು ಹತ್ತಿದವು.

ಫ್ಯಾರ್ಲಾಂಡ್‌ನಿಂದಲೂ ಹಾಗೆ ಹೋದವರಿದ್ದರು. ಅಲ್ಲಿನ ಮುಂಡಾಲ್ ಎಂಬ ಕೇರಿಯಿಂದ ಹೋದ ಕುಟುಂಬವೊಂದರ ಕುಡಿ ವಾಲ್ಟರ್ ಮಾಂಡೇಲ್. ಜಿಮ್ಮಿ ಕಾರ್ಟರ್ ಕಾಲದಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದವರು. ಅವರ ಮನೆತನದ ಹೆಸರು ಬಂದದ್ದೇ ಮುಂಡಾಲ್‌ನಿಂದ. 1986ರಲ್ಲಿ ಬೆಟ್ಟ ಕೊರೆದು ಮಾಡಿದ ಸುರಂಗ ಫ್ಯಾರ್ಲಾಂಡ್‌ಗೆ ಮೊದಲ ರಸ್ತೆಯನ್ನು ತಂದಾಗ, ಉದ್ಘಾಟನೆಗೆ ಬಂದವರು ಇದೇ ಮಾಂಡೇಲ್. ಸುಮಾರು ಎಂಟು ವರ್ಷಗಳ ನಂತರ ಇನ್ನೊಂದು ಸುರಂಗ ಊರನ್ನು ಸೋಗ್ನ್‌ದಾಲ್ ಪಟ್ಟಣದ ಕಡೆಗೂ ಜೋಡಿಸಿತು.

ಕಾಯುತ್ತಿದ್ದ ರಸ್ತೆ ಬಂತು. ಜೊತೆಗೆ ತೊಂದರೆಯೂ ಬಂತು. ಮೊದಲು ಫೆರಿಗಾಗಿ ಕಾಯುವ ಜನ ಅನಿವಾರ್ಯವಾಗಿ ಊರಿನಲ್ಲಿ ನಿಲ್ಲುತ್ತಿದ್ದರು. ಈಗ ಹೆದ್ದಾರಿ ಊರಿನ ಹೊರಗಿನಿಂದ ಹಾದು, ವಾಹನಗಳು ನಿಲ್ಲದೇ ಓಡತೊಡಗಿದವು. ಕೃಷಿ ಕುಗ್ಗಿ ಕೊಟ್ಟಿಗೆಗಳು ಖಾಲಿಯಾದವು. ಫೆರಿ ಕಾಯುವ ಕೊಠಡಿಗೆ ಕೆಲಸವೇ ಉಳಿಯಲಿಲ್ಲ. 1990ರ ದಶಕದ ನಡುಭಾಗದಲ್ಲಿ ಊರವರು ಈ ಖಾಲಿ ಜಾಗಗಳಿಗೆ ಹಳೆಯ ಪುಸ್ತಕ ತುಂಬಿಸಿದರು. ವೇಲ್ಸ್‌ನ ಹೇ-ಆನ್-ವೈ ಊರು ಹಳೆಯ ಪುಸ್ತಕಗಳಿಂದಲೇ ಹೆಸರು ಮಾಡಿತ್ತು. ಆ ಮಾದರಿ ಅವರ ಮುಂದಿತ್ತು. ಹೀಗೆ ಫ್ಯಾರ್ಲಾಂಡ್ ‘ನಾರ್ವೆಯ ಪುಸ್ತಕದ ಊರು’ ಆಯಿತು.

ಇವತ್ತು ಅಲ್ಲಿನ ಕಪಾಟುಗಳನ್ನು ಸಾಲಾಗಿ ಇಟ್ಟರೆ ಸುಮಾರು ನಾಲ್ಕು ಕಿಲೋಮೀಟರ್ ಆಗುತ್ತದೆ. ಹಸು ಕಟ್ಟುತ್ತಿದ್ದ ಜಾಗದಲ್ಲಿ ಕಾದಂಬರಿ, ಫೆರಿಗಾಗಿ ಬೆಂಚಿನ ಮೇಲೆ ಕೂರುತ್ತಿದ್ದ ಜಾಗದಲ್ಲಿ ಪ್ರವಾಸ ಕಥನ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ರಸ್ತೆ ಬದಿಯ ಕಪಾಟುಗಳು. ಮೇಲೆ ಮಳೆಗೆ ಒಂದು ಸಣ್ಣ ಮಾಡು, ಕೆಳಗೆ ಮೂರು ನಾಲ್ಕು ಅಡ್ಡ ಹಲಗೆ, ಬೆನ್ನು ತೋರಿಸಿ ನಿಂತ ಪುಸ್ತಕಗಳು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ. ಮಾರುವವರು ಯಾರೂ ಇರುವುದಿಲ್ಲ. ಬೇಕಾದ್ದನ್ನು ಆರಿಸಿ, ಬರೆದಿಟ್ಟ ಬೆಲೆಯನ್ನು ಡಬ್ಬಿಗೆ ಹಾಕಿ ಹೊರಡಬೇಕು. ಬಹುಪಾಲು ಪುಸ್ತಕಗಳು ನಾರ್ವೇಜಿಯನ್ ಭಾಷೆಯವು. ಹೊರದೇಶದವರಿಗೆ ಓದಲು ಬಾರದು. ಆದರೂ ಜನ ಗಂಟೆಗಟ್ಟಲೆ ನಿಂತು ಪುಟ ತಿರುವುತ್ತಾರೆ, ಚಿತ್ರ ನೋಡುತ್ತಾರೆ, ಭೂಪಟ ಹುಡುಕುತ್ತಾರೆ. ಅಂಗಡಿಗಳು ತೆರೆದಿರುವುದು ಮೇ ತಿಂಗಳಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ.

ಊರಿನ ಇನ್ನೊಂದು ಆಕರ್ಷಣೆ ಹಿಮನದಿ ವಸ್ತುಸಂಗ್ರಹಾಲಯ. 1991ರಲ್ಲಿ ತೆರೆದ ಈ ಕಟ್ಟಡವನ್ನು ವಿನ್ಯಾಸ ಮಾಡಿದವರು ಸ್ವೆರೆ ಫೆನ್. ಆರು ವರ್ಷಗಳ ನಂತರ ಅವರಿಗೆ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಬರಿಯ ಕಾಂಕ್ರೀಟಿನ ತಗ್ಗು ಕಟ್ಟಡ ಅದು. ಬಾಗಿಲ ಬದಿಯ ಮೆಟ್ಟಿಲುಗಳು ನೇರ ತಾರಸಿಗೆ ಒಯ್ಯುತ್ತವೆ. ಅಲ್ಲಿ ನಿಂತರೆ ಸುತ್ತ ಬೆಟ್ಟ, ಮೇಲೆ ಯೋಸ್ಟೆದಾಲ್ಸ್‌ಬ್ರೇನ್ ಹಿಮನದಿಯ ಅಂಚು. ಯುರೋಪಿನ ಮುಖ್ಯ ಭೂಭಾಗದ ಅತಿ ದೊಡ್ಡ ಹಿಮನದಿ ಇದು. ಒಳಗೆ ಮಕ್ಕಳು ಹಿಮನದಿಯಿಂದ ತಂದ ಹಳೆಯ ಮಂಜುಗಡ್ಡೆಯನ್ನು ಕೈಯಲ್ಲೇ ಹಿಡಿದು ಪ್ರಯೋಗ ಮಾಡಬಹುದು. ಊರಿನ ಮುಂದಿನ ನೀರು ಹಾಲು ಬೆರೆಸಿದ ಹಸಿರು ಬಣ್ಣದಲ್ಲಿರುವುದೇಕೆ ಎಂಬುದೂ ಅಲ್ಲಿ ತಿಳಿಯುತ್ತದೆ: ಹಿಮನದಿ ಬಂಡೆಯನ್ನು ಅರೆದ ನುಣ್ಣನೆಯ ಪುಡಿ ಹೊಳೆಯಲ್ಲಿ ಬಂದು ತಳಕ್ಕಿಳಿಯದೆ ತೇಲುತ್ತಿರುತ್ತದೆ, ಬೆಳಕು ಅದಕ್ಕೆ ತಾಗಿ ಚದುರುತ್ತದೆ. ಊರಿನಿಂದ ಸ್ವಲ್ಪ ದೂರದ ಬೋಯಾಬ್ರೇನ್ ಎಂಬ ಹಿಮನದಿಯ ತೋಳನ್ನು ಕಾರಿನಿಂದಿಳಿದು ನೋಡಬಹುದು. ಅದು ವರ್ಷ ವರ್ಷ ಮೇಲಕ್ಕೆ ಸರಿಯುತ್ತಿದೆ. ಹಳೆಯ ಫೋಟೋಗಳಲ್ಲಿ ಮಂಜು ಇದ್ದ ಕಡೆ ಈಗ ಬರಿ ಬಂಡೆ.

ಸೋಗ್ನೆಫಿಯೋರ್ಡ್‌ನ ಇನ್ನೊಂದು ಕವಲು ಔರ್‌ಲಾಂಡ್‌ಫಿಯೋರ್ಡ್. ಉಂಡ್ರೆದಾಲ್ ಇರುವುದು ಅಲ್ಲಿ. ಊರಿನಲ್ಲಿ ಜನರಿಗಿಂತ ಆಡುಗಳು ಹೆಚ್ಚು. ಇದನ್ನು ಊರವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬೇಸಿಗೆ ಬಂತೆಂದರೆ ಹಿಂಡುಗಳು ಎತ್ತರದ ಹುಲ್ಲುಗಾವಲಿಗೆ ಹತ್ತುತ್ತವೆ. ಆ ಹಾಲಿನಿಂದ ಎರಡು ಬಗೆಯ ಚೀಸ್. ಒಂದು ಬಿಳಿಯದು, ಹಸಿ ಹಾಲಿನದು. ಇನ್ನೊಂದು ಕಂದು ಬಣ್ಣದ್ದು. ನಾರ್ವೆಯವರ ಬೆಳಗಿನ ತಿಂಡಿಯಲ್ಲಿ ತಪ್ಪದೇ ಇರುವ ಬಗೆ. ಹಾಲು ಒಡೆದು ಗಟ್ಟಿ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಚೆಲ್ಲದೆ, ದೊಡ್ಡ ಹಂಡೆಗೆ ಸುರಿದು ಗಂಟೆಗಟ್ಟಲೆ ಕುದಿಸುತ್ತಾರೆ. ನೀರು ಆರುತ್ತಾ ಹೋದಂತೆ ಅದರೊಳಗಿನ ಹಾಲಿನ ಸಕ್ಕರೆ ಕಂದುಗಟ್ಟುತ್ತದೆ, ಪಾಕ ಬರುತ್ತದೆ, ತಳ ಹಿಡಿಯದಂತೆ ತಿರುವುತ್ತಲೇ ಇರಬೇಕು. ನಮ್ಮ ಆಲೆಮನೆಯ ಕೊಪ್ಪರಿಗೆಯ ಮುಂದೆ ನಿಂತವರಿಗೆ ಈ ಕೆಲಸದ ಹದ ತಟ್ಟನೆ ಅರ್ಥವಾದೀತು. ಕೊನೆಗೆ ಚೆನ್ನಾಗಿ ನಾದಿ ಅಚ್ಚಿಗೆ ತುಂಬುತ್ತಾರೆ. ರುಚಿ ಸಿಹಿ, ಜೊತೆಗೆ ಒಂದಿಷ್ಟು ಉಪ್ಪು, ಹಿಂದಿನಿಂದ ಆಡಿನ ಹಾಲಿನ ಘಾಟು. ತೆಳ್ಳಗೆ ಹೆರೆದು ಬ್ರೆಡ್ಡಿನ ಮೇಲಿಟ್ಟು ತಿನ್ನುತ್ತಾರೆ.

ನಾರ್ವೆಯ ಅಂಗಡಿಗಳಲ್ಲಿ ಸಿಗುವ ಕಂದು ಚೀಸ್ ಹೆಚ್ಚಾಗಿ ಕಾರ್ಖಾನೆಯದು, ಹಸುವಿನ ಹಾಲು ಕೆನೆ ಬೆರೆತದ್ದು. ಕೆನೆ ಬೆರೆಸುವ ಆ ಕ್ರಮವನ್ನು 1863ರ ಸುಮಾರಿಗೆ ಆರಂಭಿಸಿದವರು ಗುಡ್‌ಬ್ರಾಂಡ್ಸ್‌ದಾಲ್ ಕಣಿವೆಯ ಆನ್ನೆ ಹೋವ್ ಎಂಬ ರೈತ ಮಹಿಳೆ. ಉಂಡ್ರೆದಾಲ್‌ನವರು ಮಾತ್ರ ಆಡಿನ ಹಾಲು ಬಿಡಲಿಲ್ಲ. ಹಸಿ ಹಾಲಿನ ಚೀಸ್ ಮಾರುವುದಕ್ಕೆ ಅಲ್ಲಿನ ಆಹಾರ ಸುರಕ್ಷತೆಯ ನಿಯಮಗಳು ಅಡ್ಡ ಬಂದಾಗ, ಹಠ ಹಿಡಿದು ಅನುಮತಿ ಪಡೆದರು. ಚೀಸ್ ಮಾಡುವ ಮನೆಗಳು ಮೊದಲಿಗಿಂತ ಬಹಳ ಕಡಿಮೆಯಾಗಿವೆ. ಪ್ರವಾಸಿಗರು ಕೊಳ್ಳುವುದರಿಂದಲೇ ಉಳಿದವುಗಳ ಕೈ ಆಡುತ್ತಿದೆ. ಪ್ರವಾಸೋದ್ಯಮದ ಬಗ್ಗೆ ದೂರುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಇದೇ ಊರಿನಲ್ಲಿ ಒಂದು ಮರದ ಚರ್ಚಿದೆ. 1147ರಷ್ಟು ಹಳೆಯದೆಂದು ಹೇಳುತ್ತಾರೆ. ದಪ್ಪ ಮರದ ಕಂಬಗಳನ್ನು ನಿಲ್ಲಿಸಿ ನಡುವೆ ಹಲಗೆ ಕೂಡಿಸಿ ಕಟ್ಟುವ ‘ಸ್ಟಾವ್’ ಚರ್ಚುಗಳ ಜಾತಿ. ಮಧ್ಯಯುಗದ ನಾರ್ವೆಯಲ್ಲಿ ಇಂಥವು ನೂರಾರು ಇದ್ದವು, ಈಗ ಉಳಿದಿರುವುದು 28. ಉಂಡ್ರೆದಾಲ್‌ನದು ಅವುಗಳಲ್ಲೆಲ್ಲ ತೀರ ಚಿಕ್ಕವುಗಳ ಸಾಲಿನದು: ನಲವತ್ತು ಜನ ಕೂತರೆ ತುಂಬಿತು. ಹೊರಗಿನಿಂದ ಬಿಳಿ ಬಣ್ಣದ ಸಾದಾ ಮನೆ. ಒಳಗೆ ಬಣ್ಣದ ಚಿತ್ತಾರದ ಗೋಡೆ, ಚಾವಣಿ. ನೋಡಿದ ಮಾತ್ರಕ್ಕೆ ವಯಸ್ಸು ಗೊತ್ತಾಗುವುದಿಲ್ಲ, ಏಕೆಂದರೆ ಪ್ರತಿ ತಲೆಮಾರೂ ಅದಕ್ಕೆ ಏನಾದರೊಂದು ಸೇರಿಸಿದೆ. ಕೆತ್ತನೆಯನ್ನೇ ನೋಡಬೇಕೆನ್ನುವವರು ಲುಸ್ಟರ್‌ಫಿಯೋರ್ಡ್ ದಂಡೆಯ ಉರ್ನೆಸ್‌ಗೆ ಹೋಗಬೇಕು. ಸೊಲ್‌ವೊರ್ನ್ ಎಂಬ ಊರಿನಿಂದ ಸಣ್ಣ ಫೆರಿ ದಾಟಿಸುತ್ತದೆ, ಆಮೇಲೆ ತೋಟಗಳ ನಡುವೆ ಏರು ನಡಿಗೆ. 1130ರ ಸುಮಾರಿನ ಆ ಚರ್ಚಿನ ಉತ್ತರದ ಗೋಡೆಯಲ್ಲಿ, ಅದಕ್ಕೂ ಹಿಂದಿನ ಕಟ್ಟಡದಿಂದ ತಂದು ಕೂರಿಸಿದ ದ್ವಾರವಿದೆ. ತೆಳ್ಳನೆಯ ಪ್ರಾಣಿಗಳು, ಬಳ್ಳಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ವೈಕಿಂಗ್ ಕಾಲದ ಕೊನೆಯ ಶೈಲಿಗೆ ಕಲಾ ಚರಿತ್ರೆಕಾರರು ಇದೇ ಊರಿನ ಹೆಸರಿಟ್ಟಿದ್ದಾರೆ. 1979ರಲ್ಲಿ ಈ ಚರ್ಚು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಉಂಡ್ರೆದಾಲ್‌ನಿಂದ ಸ್ವಲ್ಪ ಒಳಕ್ಕೆ, ಫಿಯೋರ್ಡ್‌ನ ತುದಿಯಲ್ಲಿ ಫ್ಲೋಮ್. ಬೇಸಿಗೆಯ ಬೆಳಗ್ಗೆ ಕ್ರೂಸ್ ಹಡಗು ಬಂದು ನಿಂತಿತೆಂದರೆ ನಾನೂರರ ಆಸುಪಾಸು ಜನಸಂಖ್ಯೆಯ ಊರಿಗೆ ಒಂದೇ ಹೊತ್ತಿಗೆ ಸಾವಿರಗಟ್ಟಲೆ ಜನ ಇಳಿಯುತ್ತಾರೆ. ಎಲ್ಲರ ಗುರಿ ರೈಲು. ಬೆರ್ಗೆನ್‌ನಿಂದ ಓಸ್ಲೋಗೆ ಹೋಗುವ ಮುಖ್ಯ ಮಾರ್ಗ 1909ರಲ್ಲಿ ಪೂರ್ತಿಯಾದಾಗ ಅದು ಬೆಟ್ಟದ ಮೇಲೆ ಉಳಿಯಿತು. ಕೆಳಗಿನ ಫಿಯೋರ್ಡ್ ಊರುಗಳಿಗೆ ಅದರ ಉಪಯೋಗ ಸಿಗಲಿಲ್ಲ. ಆದ್ದರಿಂದ ಮಿರ್‌ದಾಲ್ ನಿಲ್ದಾಣದಿಂದ ಫ್ಲೋಮ್‌ಗೆ ಕವಲು ಮಾರ್ಗ ಬೇಕಾಯಿತು. 1920ರ ದಶಕದಲ್ಲಿ ಕೆಲಸ ಶುರುವಾಯಿತು. ಉದ್ದ 20 ಕಿಲೋಮೀಟರ್, ಇಳಿಯಬೇಕಾದ ಎತ್ತರ 860 ಮೀಟರಿಗೂ ಹೆಚ್ಚು. 20 ಸುರಂಗಗಳಲ್ಲಿ 18ನ್ನು ಯಂತ್ರವಿಲ್ಲದೆ, ಕೈಯಿಂದಲೇ ಕೊರೆದರು. ಹಲ್ಲು ಚಕ್ರದ ಸಹಾಯವಿಲ್ಲದೆ ಮಾಮೂಲಿ ಹಳಿಯ ಮೇಲೇ ಓಡುವ ರೈಲಿಗೆ 18 ಮೀಟರಿಗೆ ಒಂದು ಮೀಟರ್ ಏರು ಬಹಳ ಕಡಿದು. ಅದನ್ನು ನಿಭಾಯಿಸಲು ಹಳಿಯನ್ನು ಬೆಟ್ಟದ ಹೊಟ್ಟೆಯೊಳಗೇ ಸುತ್ತು ಹೊಡೆಸಿದರು. ಒಂದು ಕಡೆ ಒಳ ಹೋದ ರೈಲು ಪೂರ್ತಿ ತಿರುಗಿ ಹೊರಬೀಳುತ್ತದೆ. 1940ರ ಆಗಸ್ಟ್‌ನಲ್ಲಿ, ದೇಶ ಜರ್ಮನಿಯ ವಶದಲ್ಲಿದ್ದಾಗ, ಉಗಿ ಬಂಡಿಗಳು ಓಡಲಾರಂಭಿಸಿದವು. 1944ರಲ್ಲಿ ವಿದ್ಯುತ್ ಬಂತು.

ಆ ವಿದ್ಯುತ್ತು ಬಂದದ್ದು ಮಾರ್ಗದ ಮೇಲಿನ ಷೋಸ್‌ಫಾಸೆನ್ ಜಲಪಾತದಿಂದ. ಈಗ ರೈಲು ಆ ಜಲಪಾತದ ಎದುರು ಐದಾರು ನಿಮಿಷ ನಿಲ್ಲುತ್ತದೆ, ಜನ ಇಳಿದು ಫೋಟೋ ತೆಗೆಯುತ್ತಾರೆ. ಬೇಸಿಗೆಯಲ್ಲಿ ಸಂಗೀತ ಮೊಳಗಿ, ಬಂಡೆಯ ಮೇಲೆ ಕೆಂಪು ಉಡುಪಿನ ಹೆಣ್ಣೊಬ್ಬಳು ಕಾಣಿಸಿಕೊಂಡು ಕುಣಿದು ಮರೆಯಾಗುತ್ತಾಳೆ. ಗಂಡಸರನ್ನು ಬೆಟ್ಟದೊಳಕ್ಕೆ ಸೆಳೆಯುವ ಹುಲ್ದ್ರಾ ಎಂಬ ಜಾನಪದ ಮೋಹಿನಿಯ ವೇಷ ಅದು. ಕುಣಿಯುವವರು ನೃತ್ಯ ಕಲಿಯುವ ವಿದ್ಯಾರ್ಥಿಗಳು. ಇದು ಮಾತ್ರ ಪೂರ್ತಿಯಾಗಿ ಪ್ರವಾಸಿಗಾಗಿಯೇ ಹುಟ್ಟಿದ್ದು. ನನಗೇನೋ ರೈಲಿನ ಇಳಿಜಾರೇ ಸಾಕಿತ್ತು. ಫ್ಲೋಮ್‌ನ ಹಳೆಯ ಊರು, 17ನೇ ಶತಮಾನದ ಚರ್ಚಿನ ಸಮೇತ, ಹಡಗುಕಟ್ಟೆಯಿಂದ ಮೂರು ಕಿಲೋಮೀಟರ್ ಮೇಲಿದೆ. ರೈಲಿನ ಕಿಟಕಿಯಿಂದ ಕಂಡು ಮಾಯವಾಗುತ್ತದೆ. ಇಳಿದು ನಡೆಯುವವರು ಕಡಿಮೆ. ಬೆರ್ಗೆನ್ ರೈಲು ಹಾಕಿದ ಕೂಲಿಗಳು ಸಾಮಾನು ಸಾಗಿಸಲು ಮಾಡಿಕೊಂಡಿದ್ದ ಮಣ್ಣು ರಸ್ತೆ ‘ರಲ್ಲಾರ್‌ವೇಗೆನ್’ ಮಾತ್ರ ಸೈಕಲ್ ಸವಾರರ ಬಾಯಲ್ಲಿ ದೊಡ್ಡ ಹೆಸರು.

ಔರ್‌ಲಾಂಡ್‌ನಿಂದ ಬೆಟ್ಟ ಹತ್ತಿದರೆ ಸ್ಟೇಗಾಸ್ಟೈನ್. 650 ಮೀಟರ್ ಎತ್ತರದಲ್ಲಿ, ಬೆಟ್ಟದಿಂದ 30 ಮೀಟರ್ ಹೊರಚಾಚಿದ ಮರ ಮತ್ತು ಉಕ್ಕಿನ ಅಟ್ಟಣೆ. ವಾಸ್ತುಶಿಲ್ಪಿಗಳಾದ ಟಾಡ್ ಸಾಂಡರ್ಸ್ ಮತ್ತು ಟೊಮ್ಮಿ ವಿಲ್ಹೆಲ್ಮ್‌ಸೆನ್ 2006ರಲ್ಲಿ ಇದನ್ನು ಮುಗಿಸಿದರು. ತುದಿಯಲ್ಲಿ ಹಲಗೆ ಕೆಳಕ್ಕೆ ಬಾಗಿ ಇಳಿಯುತ್ತದೆ, ತಡೆಗೆ ಒಂದು ಗಾಜು. ಕೆಳಗೆ ನೋಡಿದರೆ ಕಾಲಡಿಯ ನೆಲ ಮುಗಿದು ನೇರ ಫಿಯೋರ್ಡ್. ಸುರಂಗಗಳು ಬಂದ ಮೇಲೆ ಬಳಕೆ ತಪ್ಪಿದ ಬೆಟ್ಟದ ರಸ್ತೆಯೊಂದರ ಮೇಲೆ ಇದನ್ನು ಕಟ್ಟಿದ್ದಾರೆ ಎಂಬುದು ಗಮನಿಸಬೇಕಾದ ಮಾತು. 2000ದಲ್ಲಿ ತೆರೆದ 24.5 ಕಿಲೋಮೀಟರ್ ಉದ್ದದ ಲ್ಯಾರ್‌ದಾಲ್ ಸುರಂಗ ವರ್ಷವಿಡೀ ಸಂಚಾರಕ್ಕೆ ಒದಗಿದ್ದರಿಂದ, ಚಳಿಗಾಲವಿಡೀ ಹಿಮದಲ್ಲಿ ಮುಚ್ಚಿರುತ್ತಿದ್ದ ಮೇಲಿನ ರಸ್ತೆ ನೋಡುವವರ ರಸ್ತೆಯಾಯಿತು.

ಹೊರಗಿನವರು ಬರುವುದು ಇಲ್ಲಿಗೆ ಹೊಸತಲ್ಲ. ಸಾಲ್ಮನ್ ಮೀನು ಹಿಡಿಯಲು, ಬೆಟ್ಟ ಹತ್ತಲು ಇಂಗ್ಲೆಂಡಿನ ಸಿರಿವಂತರು 19ನೇ ಶತಮಾನದಲ್ಲೇ ಬರುತ್ತಿದ್ದರು. ಸೋಗ್ನೆಫಿಯೋರ್ಡ್ ದಂಡೆಯ ಬಾಲೆಸ್ಟ್ರಾಂಡ್‌ನ ಹೋಟೆಲ್ ಮಾಲೀಕ ಕ್ನೂಟ್ ಕ್ವಿಕ್ನೆಯನ್ನು ಮದುವೆಯಾಗಿ ಅಲ್ಲೇ ನೆಲೆಸಿದ ಮಾರ್ಗರೆಟ್ ಗ್ರೀನ್ ಎಂಬ ಇಂಗ್ಲಿಷ್ ಮಹಿಳೆ ಕ್ಷಯದಿಂದ ತೀರಿಕೊಂಡ ಮೇಲೆ, ಅವರ ನೆನಪಿಗೆ 1897ರಲ್ಲಿ ಎದ್ದ ಸಣ್ಣ ಮರದ ಚರ್ಚು ಈಗಲೂ ಇದೆ. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಬೇಸಿಗೆ ಬಂದರೆ ಹಡಗಿನಲ್ಲಿ ಈ ಕಡೆಗೇ ಹೊರಡುತ್ತಿದ್ದರು. 1914ರ ಜುಲೈಯಲ್ಲಿ ಯುರೋಪು ಮಹಾಯುದ್ಧದ ಅಂಚಿಗೆ ಬಂದು ನಿಂತಾಗಲೂ ಅವರು ಇದ್ದದ್ದು ಬಾಲೆಸ್ಟ್ರಾಂಡ್ ಮುಂದಿನ ನೀರಿನಲ್ಲಿ. ಎದುರು ದಡದ ವಾಂಗ್ಸ್‌ನೆಸ್‌ನಲ್ಲಿ ಅವರು ಹಿಂದಿನ ವರ್ಷ ಕೊಡುಗೆಯಾಗಿ ನಿಲ್ಲಿಸಿದ ಫ್ರಿತ್ಯೋಫ್ ಎಂಬ ಕಥಾನಾಯಕನ ಭಾರಿ ಪ್ರತಿಮೆ ದೂರದಿಂದಲೇ ಕಾಣುತ್ತದೆ.

ಉತ್ತರಕ್ಕೆ ಹೋದರೆ ಗೈರಂಗರ್ ಊರು, ಅದೇ ಹೆಸರಿನ ಫಿಯೋರ್ಡ್. ಇದೂ, ಫ್ಲೋಮ್ ಪಕ್ಕದ ಕಿರಿದಾದ ನ್ಯಾರೊಯ್‌ಫಿಯೋರ್ಡ್ ಕೂಡ 2005ರಲ್ಲಿ ವಿಶ್ವ ಪರಂಪರೆಯ ತಾಣಗಳಾದವು. ‘ಏಳು ಸೋದರಿಯರು’ ಜಲಪಾತದ ಚಿತ್ರ ಎಲ್ಲರೂ ಕಂಡದ್ದೇ. ಅದರ ಆಸುಪಾಸಿನ ಬಂಡೆಗಳ ಮೇಲೆ ಕಣ್ಣಾಡಿಸಿದರೆ ಹುಲ್ಲು ಹೊದೆಸಿದ ಮಾಡಿನ ಪುಟ್ಟ ಮನೆಗಳು ಕಾಣುತ್ತವೆ. ಅವುಗಳಲ್ಲೊಂದಾದ ಸ್ಕಾಗೆಫ್ಲೋ, ನೀರಿನಿಂದ ಸುಮಾರು 250 ಮೀಟರ್ ಮೇಲೆ, ಬಂಡೆಯ ತುಟಿಯ ಮೇಲಿದೆ. ಅಲ್ಲಿ ತಲೆತಲಾಂತರ ಜನ ಆಡು ಸಾಕಿದರು, ಹುಲ್ಲು ಕೊಯ್ದರು. ಅಂಬೆಗಾಲಿಡುವ ಮಕ್ಕಳನ್ನು ಅಂಚಿಗೆ ಹೋಗದಂತೆ ಹಗ್ಗದಿಂದ ಕಟ್ಟಿಡುತ್ತಿದ್ದರಂತೆ. ಕಂದಾಯ ವಸೂಲಿಗೆ ಅಧಿಕಾರಿ ಬಂದರೆ ಏಣಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರಂತೆ. 20ನೇ ಶತಮಾನದ ಮೊದಲ ದಶಕಗಳಲ್ಲಿ ಕೊನೆಯ ಕುಟುಂಬ ಇಳಿದು ಹೋಯಿತು. ಬೀಳುತ್ತಿದ್ದ ಮನೆಗಳನ್ನು ಸ್ವಯಂಸೇವಕರು ಎತ್ತಿ ನಿಲ್ಲಿಸಿದ್ದಾರೆ. 1993ರಲ್ಲಿ ರಾಜ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ ಬೆಳ್ಳಿಹಬ್ಬವನ್ನು ಆಚರಿಸಿದ್ದು ಈ ಸ್ಕಾಗೆಫ್ಲೋದಲ್ಲಿ. ಎದುರು ದಡದ ಕ್ನಿವ್ಸ್‌ಫ್ಲೋ ಖಾಲಿಯಾದದ್ದು ತಲೆಯ ಮೇಲೆ ತೂಗುವ ಬಂಡೆಯ ಭಯದಿಂದ.

ಆ ಭಯ ಹಳೆಯ ಕಾಲದ ಮಾತಲ್ಲ. 1934ರ ಏಪ್ರಿಲ್ 7ರ ನಸುಕಿನಲ್ಲಿ ಹತ್ತಿರದ ತಾಫಿಯೋರ್ಡ್‌ಗೆ ಬೆಟ್ಟದ ಪಕ್ಕೆಯೊಂದು ಕುಸಿದು, ಅತಿ ಎತ್ತರದ ಕಡೆ 62 ಮೀಟರ್ ಎದ್ದ ಅಲೆ 40 ಜನರನ್ನು ಒಯ್ದಿತು. ಈಗ ಕಣ್ಣಿಟ್ಟಿರುವುದು ಒಕ್ನೇಸೆಟ್ ಎಂಬ ಬೆಟ್ಟದ ಮೇಲೆ. ಅಲ್ಲಿನ ಬಿರುಕು ಪ್ರತಿ ವರ್ಷ ಕೆಲವು ಸೆಂಟಿಮೀಟರ್ ಅಗಲವಾಗುತ್ತಿದೆ. ಬಿದ್ದರೆ ಕೋಟಿಗಟ್ಟಲೆ ಘನ ಮೀಟರ್ ಬಂಡೆ ನೀರಿಗೆ ಬೀಳಬಹುದು, ಗೈರಂಗರ್‌ಗೆ ಅಲೆ ತಲುಪಲು ಹತ್ತು ನಿಮಿಷದಷ್ಟೇ ಸಮಯ. ಬೆಟ್ಟದ ತುಂಬ ಅಳತೆಯ ಉಪಕರಣಗಳಿವೆ, ಹಗಲಿರುಳು ಕಾವಲಿದೆ, ಊರಿನಲ್ಲಿ ಸೈರನ್ ಇದೆ. ಬೆಟ್ಟ ದಿಢೀರನೆ ಬೀಳುವುದಿಲ್ಲ, ಬೀಳುವ ಮುನ್ನ ಚಲನೆ ಹೆಚ್ಚುತ್ತದೆ, ಜನರನ್ನು ಮೊದಲೇ ಸ್ಥಳಾಂತರಿಸಬಹುದು ಎಂಬ ವಿಜ್ಞಾನದ ಮೇಲೆ ಭರವಸೆಯಿಟ್ಟು ಊರು ನಡೆಯುತ್ತಿದೆ.

ದಿನದಿನದ ಕಾಟ ಮಾತ್ರ ಹಡಗಿನದು. ಎತ್ತರದ ಬಂಡೆಗಳ ನಡುವೆ ಗಾಳಿಯಾಡದ ದಿನಗಳಲ್ಲಿ ಕ್ರೂಸ್ ಹಡಗುಗಳ ಹೊಗೆ ನೀಲಿ ಪದರವಾಗಿ ಊರಿನ ಮೇಲೇ ನಿಲ್ಲುತ್ತಿತ್ತು. 2018ರಲ್ಲಿ ನಾರ್ವೆಯ ಸಂಸತ್ತು ವಿಶ್ವ ಪರಂಪರೆಯ ಫಿಯೋರ್ಡ್‌ಗಳಲ್ಲಿ ಹೊಗೆರಹಿತ ಹಡಗುಗಳೇ ಓಡಬೇಕು, 2026ರೊಳಗೆ ಆಗಬೇಕು ಎಂದು ನಿರ್ಣಯಿಸಿತು. ಆಮೇಲೆ ದೊಡ್ಡ ಹಡಗುಗಳಿಗೆ ರಿಯಾಯಿತಿ ಸಿಕ್ಕಿತು: ಹತ್ತು ಸಾವಿರ ಟನ್‌ಗಿಂತ ಚಿಕ್ಕವಕ್ಕೆ 2026, ದೊಡ್ಡವಕ್ಕೆ 2032. ಹೆಚ್ಚು ಹೊಗೆ ಬಿಡುವವರಿಗೇ ಹೆಚ್ಚು ಕಾಲಾವಕಾಶ ಕೊಟ್ಟದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಮಾಡಲಾಗದ ಕೆಲಸವೇನಲ್ಲ ಅದು. ಸೋಗ್ನೆಫಿಯೋರ್ಡ್ ದಾಟಿಸುವ ‘ಆಂಪೇರ್’ ಎಂಬ ಫೆರಿ 2015ರಿಂದ ಬ್ಯಾಟರಿಯಲ್ಲೇ ವಾಹನಗಳನ್ನು ಹೊತ್ತು ಓಡುತ್ತಿದೆ. ಜಗತ್ತಿನಲ್ಲಿ ಆ ಬಗೆಯ ಮೊದಲನೆಯದು. ಫ್ಲೋಮ್‌ನಿಂದ ಗುಡ್‌ವಾಂಗೆನ್‌ಗೆ ನ್ಯಾರೊಯ್‌ಫಿಯೋರ್ಡ್ ಮೂಲಕ ಹೋಗುವ, 400 ಜನ ಹಿಡಿಸುವ ವಿದ್ಯುತ್ ದೋಣಿ 2018ರಲ್ಲೇ ಬಂದಿದೆ. ಎಂಜಿನ್ನಿನ ಸದ್ದಿಲ್ಲದ್ದರಿಂದ ಅದರ ಅಟ್ಟದ ಮೇಲೆ ನಿಂತವರಿಗೆ ದಡದ ಜಲಪಾತದ ಸದ್ದು ಕೇಳುತ್ತದೆ.

ಇನ್ನೊಂದು ಲೆಕ್ಕ ದುಡ್ಡಿನದು. ಹಡಗಿನಲ್ಲೇ ಉಂಡು ಮಲಗುವ ಪ್ರವಾಸಿ ಊರಿನಲ್ಲಿ ಮೂರು ನಾಲ್ಕು ಗಂಟೆ ಅಡ್ಡಾಡಿ ಹೊರಡುತ್ತಾನೆ. ಶೌಚಾಲಯ, ಕಸ, ರಸ್ತೆಯ ಖರ್ಚು ಊರಿನ ಪಾಲಿಗೆ. 2025ರಲ್ಲಿ ಬಂದ ಕಾನೂನು, ಪ್ರವಾಸಿಗರ ದಟ್ಟಣೆ ಇರುವ ಕಡೆ ವಸತಿಯ ಮೇಲೆ ಶೇ. 3ರವರೆಗೆ ಶುಲ್ಕ ಹಾಕಲು ಸ್ಥಳೀಯ ಆಡಳಿತಗಳಿಗೆ ಅವಕಾಶ ಕೊಟ್ಟಿದೆ. ಊರಿಗೆ ನಿಜವಾಗಿ ಒದಗುವುದು ಅಲ್ಲಿ ರಾತ್ರಿ ತಂಗುವವರು. ಹೋಗುವ ಆಲೋಚನೆಯಿರುವ ಓದುಗರು ಜುಲೈ ಬಿಟ್ಟು ಮೇ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ನೋಡಿಕೊಳ್ಳುವುದು ಒಳ್ಳೆಯದು. ಬೆರ್ಗೆನ್‌ನಿಂದ ರೈಲಿನಲ್ಲಿ ಮಿರ್‌ದಾಲ್, ಅಲ್ಲಿಂದ ಫ್ಲೋಮ್. ಅಲ್ಲಿ ನಿಲ್ಲದೆ ಉಂಡ್ರೆದಾಲ್‌ಗೆ ಹೋಗಿ ಒಂದು ರಾತ್ರಿ, ಬಾಲೆಸ್ಟ್ರಾಂಡ್‌ನಲ್ಲಿ ಇನ್ನೊಂದು ರಾತ್ರಿ. ಬೆಳಗ್ಗೆ ಚೀಸ್ ಮಾಡುವ ಮನೆಗಳು ತೆರೆಯುವ ಹೊತ್ತಿಗೆ ಹಡಗಿನ ಜನ ಇನ್ನೂ ಬಂದಿರುವುದಿಲ್ಲ, ಕೇಳಿದ್ದಕ್ಕೆ ಉತ್ತರ ಹೇಳಲು ಊರವರಿಗೂ ಪುರುಸೊತ್ತಿರುತ್ತದೆ.